ಮೊಳೆಯ ನೆರಳು ನೋಡಿ ಕೊಂಡ ಲ್ಯಾಪ್‌ಟಾಪು

ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿ ಬದಿಗೆ ಒಂದು ಕಾಲದಲ್ಲಿ ಎಷ್ಟು ಅಂಗಡಿ ಬೋರ್ಡು ಇದ್ದವೋ, ಅದರಲ್ಲಿ ಅರ್ಧ ನನ್ನ ಕೈದು. ಉಳಿದರ್ಧ ನನ್ನ ನೋಡಿ ಕಲ್ತವರದ್ದು. ಇದನ್ನ ಜಂಬಕ್ಕೆ ಹೇಳ್ತಾ ಇಲ್ಲ. ಜಂಬ ಕೊಚ್ಚೂಕೆ ಬೇರೆ ವಿಷಯ ಅದೆ, ಹೇಳ್ತೆ.

ಹೊನ್ನಾವರ ಬಸ್‌ಸ್ಟ್ಯಾಂಡ್ ಹತ್ರ ಒಂದು ಹೋಟ್ಲು. ನನಗೆ ಆಗಷ್ಟೇ ಮದುವೆ ಆಗಿತ್ತು. ಹೋಟ್ಲಿನ ಮಾಲಕರು ಕರೆದು, ನಡುಗಂಬದ ಮೇಲೆ ‘ತಟ್ಟೆಯಲ್ಲಿ ಕೈ ತೊಳೆಯಬಾರದು’ ಅಂತ ಬರಿ ಅಂದ್ರು. ಬರ್ದೆ. ಬಣ್ಣ ಸ್ವಲ್ಪ ಉಳೀತು. ಹೊರಗೆ ಜಡಿಮಳೆ, ಕುಮಟಾ ಬಸ್ಸಿನ ಸುದ್ದಿ ಇಲ್ಲ. ಕೂತು ಕೂತು ಬೇಜಾರು ಬಂದು, ಅಕ್ಷರದ ಕೆಳಗೆ ಭುಜದ ಎತ್ತರಕ್ಕೆ ಒಂದು ಮೊಳೆ ಬರ್ದೆ. ಅರ್ಧ ತುಕ್ಕು ಹಿಡಿದ, ತುದಿ ಸ್ವಲ್ಪ ಮೇಲಕ್ಕೆ ಬಾಗಿದ ಮೊಳೆ.

ಮೊಳೆ ಯಾರೂ ಬರೀಬಹುದು. ಅದರ ನೆರಳು ಬರಿಯೂದು ಕಷ್ಟ. ನೆರಳು ಅಂದ್ರೆ ಕಪ್ಪು ಅಂತ ತಿಳ್ಕಂಡವ ಪೇಂಟರೇ ಅಲ್ಲ. ನೀಲಿ ಹಾಕಿದ ಸುಣ್ಣದ ಗೋಡೆ ಮೇಲೆ ಬೀಳೂ ನೆರಳು ಪಾರಿವಾಳದ ಬಣ್ಣ. ಮೊಳೆಯ ಬುಡದಲ್ಲಿ ಗಟ್ಟಿ, ಆಮೇಲೆ ತೆಳ್ಳಗೆ, ತುದಿಗೆ ಬರೂದ್ರೊಳಗೆ ಅದೆಯೋ ಇಲ್ಲವೋ ಅನ್ನೂ ಹಾಗೆ. ಆ ಹೋಟ್ಲಿಗೆ ಬೆಳಕು ಎಡಗಡೆ ಬಾಗಿಲಿಂದ ಬರ್ತಿತ್ತು. ನಾನು ನೆರಳನ್ನ ಬಲಕ್ಕೆ, ಸ್ವಲ್ಪ ಕೆಳಕ್ಕೆ ಇಳಿಸ್ದೆ. ಬ್ರಶ್ ತೊಳೆದು ಒಂದು ಪ್ಲೇಟು ಗೋಳಿಬಜೆ ತಕಂಡು ಎದುರಿಗೆ ಕೂತೆ.

ಮೊದಲು ಬಂದವರು ಹೈಸ್ಕೂಲಿನ ಒಬ್ಬರು ಮಾಸ್ತರು. ಒದ್ದೆ ಕೊಡೆ ಮಡಚಿ ಮೊಳೆಗೆ ಸಿಕ್ಕಿಸಿದ್ರು. ಬಿತ್ತು. ಎತ್ತಿ ಮತ್ತೆ ಸಿಕ್ಕಿಸಿದ್ರು. ಮತ್ತೆ ಬಿತ್ತು. ಮೂರನೇ ಸಲ ಕೊಡೆಯ ಹಿಡಿಕೆಯನ್ನೇ ತಿರುಗಿಸಿ ನೋಡಿದ್ರು, ದೋಷ ಅದ್ರದ್ದೇ ಅಂತ. ನನಗೆ ಗೋಳಿಬಜೆ ಗಂಟಲಲ್ಲಿ ಸಿಕ್ಕು ಪ್ರಾಣ ಹೋಗೂದೊಂದು ಬಾಕಿ.

ಮಾಲಕರು ಬೈದ್ರು. ಆದ್ರೆ ಒಂದು ವಾರದೊಳಗೆ, ಒಮ್ಮೆ ಮೋಸ ಹೋದವರು ಇನ್ನೊಬ್ಬರು ಮೋಸ ಹೋಗೂದನ್ನ ನೋಡೂಕೆ ಚಾ ಕುಡಿಯೂಕೆ ಬರೂಕೆ ಶುರು ಮಾಡಿದ್ರು. ಆಮೇಲೆ ಆ ಹೋಟ್ಲಲ್ಲಿ ಒಂದು ಪದ್ಧತಿಯೇ ಆಗೋತು. ವರ್ಷ ವರ್ಷ ಸುಣ್ಣ ಹೊಡಿಯೂವಾಗ ಆ ಕಂಬಕ್ಕೆ ಬಂದಕೂಡ್ಲೆ ದೊಡ್ಡ ಬ್ರಶ್ ಕೆಳಗಿಟ್ಟು, ಸಣ್ಣ ಬ್ರಶ್ ತಕಂಡು ಮೊಳೆಯನ್ನೂ ನೆರಳನ್ನೂ ಬಿಟ್ಟು ಸುತ್ತ ಹೊಡೀಬೇಕು. ಮಾಲಕರು ತೀರ್ಕಂಡ ಮೇಲೆ ಅವರ ಮಗ ಗೋಡೆಗೆಲ್ಲ ಟೈಲ್ಸ್ ಹಾಕಿಸ್ದ. ಆ ಕಂಬ ಮಾತ್ರ ಸುಣ್ಣದ್ದೇ ಉಳೀತು.

ನನ್ನ ಕಸುಬು ಉಳಿಲಿಲ್ಲ. ಭಟ್ಕಳ ಬಂದರದಲ್ಲಿ ದೋಣಿಗಳ ಮೂತಿಗೆ ಹೆಸರು ಬರ್ದದ್ದು, ಅಳಿಲು ಕೂದಲಿನ ಬ್ರಶ್ಶು, ಸೀಮೆಸುಣ್ಣ ತಿಕ್ಕಿದ ದಾರ ಎಳೆದು ಟಪ್ ಅಂತ ಬಿಟ್ಟು ಗೆರೆ ಹೊಡಿಯೂದು, ಅಂಗಿಗೆ ಹತ್ತಿದ ಟರ್ಪಂಟೈನ್ ವಾಸನೆ, ಎಲ್ಲ ಫ್ಲೆಕ್ಸ್ ಬಂದು ಒಂದೇ ಮಳೆಗಾಲಕ್ಕೆ ತೊಳೆದು ಹೋತು. ಅಲ್ಲೊಂದು ಇಲ್ಲೊಂದು ಹಳೇ ಗಿರಾಕಿ ‘ನೀವೇ ಬರೀಬೇಕು’ ಅಂತ ಕರೆಯೂದು ಉಂಟು. ಕರೆದ್ರೆ ಹೋಗ್ತೆ. ಕರೀದಿದ್ರೂ ಹೋಗ್ತಿದ್ದೆ, ಹೆಂಡತಿ ಬಿಡೂದಿಲ್ಲ.

ಹೀಗಿರೂವಾಗ ಮೊಮ್ಮಗಳಿಗೆ ಡಿಸೈನ್ ಕಲಿಯೂಕೆ ಯುನಿವರ್ಸಿಟಿಯಲ್ಲಿ ಸೀಟು ಸಿಕ್ತು. ನಾಲ್ಕು ವರ್ಷದ ಕೋರ್ಸು. ಮನೆಯಲ್ಲಿ ಯಾರ ರಕ್ತದಿಂದ ಬಂತು ಇದು ಅಂತ ನಾನು ಎರಡು ದಿನ ಎಲ್ಲರಿಗೂ ಕೇಳಿಸೂ ಹಾಗೆ ಕೇಳ್ತಾ ತಿರುಗ್ದೆ.

ಕಾಲೇಜಿಂದ ಒಂದು ಪಟ್ಟಿ ಬಂತು. ಲ್ಯಾಪ್‌ಟಾಪ್ ಹೇಗಿರಬೇಕು ಅಂತ. ಅವಳು ಜಗಲಿಯಲ್ಲಿ ಕೂತು ಓದಿ ಹೇಳಿದ್ಲು. ಹದಿನಾರು ಜಿಬಿ ರ‍್ಯಾಮ್, ಬೇರೆಯೇ ಗ್ರಾಫಿಕ್ಸ್ ಕಾರ್ಡು, ಬಣ್ಣವನ್ನ ಇದ್ದ ಹಾಗೇ ತೋರಿಸೂ ಸ್ಕ್ರೀನು.

“ಮೊದಲಿಂದು ಎರಡು ಎಂತ ಅಂತ ಗೊತ್ತಿಲ್ಲ. ಮೂರನೇದು ನೋಡೂಕೆ ನಾನು ಬೇಕು,” ಅಂದೆ.

“ಅದಕ್ಕೂ ಅಳತೆ ಅದೆ ಅಜ್ಜ. ಇಷ್ಟು ಪರ್ಸೆಂಟು ಅಂತ ಬರ್ದಿರ್ತಾರೆ.”

“ಬರಿಯೂದು ನಂಗೆ ಹೇಳ್ಬೇಡ. ಹೋಟ್ಲಲ್ಲಿ ‘ಶುದ್ಧ ತುಪ್ಪದ ತಿಂಡಿ’ ಅಂತ ಎಷ್ಟು ಕಡೆ ಬರ್ದಿದ್ದೆ, ಲೆಕ್ಕ ಇಲ್ಲ.”

ಅವಳಪ್ಪ, ಅಂದ್ರೆ ನನ್ನ ಮಗ, ಒಂದೇ ಮಾತು ಹೇಳಿದ್ದ. ನಾಲ್ಕು ವರ್ಷಕ್ಕೆ ಒಂದೇ ಲ್ಯಾಪ್‌ಟಾಪು, ಮತ್ತೊಂದು ಕೇಳೂ ಹಾಗಿಲ್ಲ, ಕಣ್ಣಾರೆ ನೋಡಿ ತಕ. ಕಣ್ಣು ಅಂದ ಮೇಲೆ ನನ್ನ ಬಿಟ್ಟು ಯಾರು. ಅಂಗಿ ಹಾಕ್ಕಂಡು ಹೊರಟೆ.

ಕುಮಟಾದ ಅಂಗಡಿಯಲ್ಲಿ ಒಂದೇ ತರದ ನಾಲ್ಕು ಇದ್ವು. ಯಾವುದ್ರಲ್ಲೂ ಅವಳು ಕೇಳಿದ ಕಾರ್ಡು ಇಲ್ಲ. “ಭಟ್ಕಳಕ್ಕೆ ಹೋಗುವ ಅಜ್ಜ, ಅಲ್ಲಿ ದುಬೈ ಮಾಲು ಸಿಗ್ತದಂತೆ,” ಅಂದ್ಲು. ಬಸ್ಸು ಹತ್ತಿದ್ವಿ. ಹೊನ್ನಾವರದಲ್ಲಿ ನಾನು ಬೇಕಂತ್ಲೇ ಇಳಿಸ್ದೆ. ಚಾದ ನೆಪ.

ಅವಳು ಮೊಳೆಯ ಕತೆಯನ್ನ ಹುಟ್ಟಿದಾಗಿಂದ ಕೇಳಿದವಳು, ಆದ್ರೆ ನೋಡಿರ್ಲಿಲ್ಲ. ಗೊತ್ತಿದ್ದೂ ಬೆರಳಲ್ಲಿ ಮುಟ್ಟಿ ನೋಡಿದ್ಲು. ಆಮೇಲೆ ಮೊಬೈಲ್ ತೆಗೆದು ಹತ್ತಾರು ಫೋಟೋ ಹೊಡೆದ್ಲು.

“ಎಂತಕ್ಕೆ ಇಷ್ಟೊಂದು?”

“ಲ್ಯಾಪ್‌ಟಾಪ್ ಪರೀಕ್ಷೆಗೆ. ಈ ನೆರಳಿನ ತುದಿ ಯಾವ ಸ್ಕ್ರೀನಲ್ಲಿ ಕಾಣ್ತದೋ, ಗೋಡೆ ಯಾವುದ್ರಲ್ಲಿ ಇದೇ ಬಿಳಿ ಇರ್ತದೋ, ಅದೇ ತಕಂಬುದು.”

ಶರಾವತಿ ಸೇತುವೆ ದಾಟೂವರೆಗೂ ಅದೇ ಮಾತು ತಲೆಯಲ್ಲಿ ತಿರುಗ್ತಾ ಇತ್ತು. ಯಾವನೋ ಕಂಪ್ನಿಯವ ಹಾಕಿದ ಅಳತೆ ಬಿಟ್ಟು ನನ್ನ ಮೊಳೆಯನ್ನ ಅಳತೆಗೆ ಇಟ್ಕಂಡಿದ್ಲು ಹುಡುಗಿ. ನಲವತ್ತು ವರ್ಷ ಬೋರ್ಡು ಬರ್ದದ್ದಕ್ಕೆ ಯಾರೂ ಅಷ್ಟು ದೊಡ್ಡ ಮರ್ಯಾದೆ ಕೊಟ್ಟಿರ್ಲಿಲ್ಲ. ಅವಳಿಗೆ ಹೇಳಲಿಲ್ಲ, ತಲೆ ಮೇಲೆ ಕೂತ್ಕಳ್ತಾಳೆ.

ಭಟ್ಕಳದ ಅಂಗಡಿಯ ಸಾಹೇಬರ ಅಪ್ಪನ ಕಾಲದ ಬೋರ್ಡು ನಾನೇ ಬರ್ದದ್ದು. ಹಾಗಾಗಿ ಕುರ್ಚಿ, ಶರಬತ್ತು ಎಲ್ಲ ಬಂತು. ಅವಳು ಕೇಳಿದ ಕಾರ್ಡು, ರ‍್ಯಾಮು ಎರಡೂ ಇರೂವ ಎರಡು ಲ್ಯಾಪ್‌ಟಾಪ್ ತಂದು ಅಕ್ಕಪಕ್ಕ ಇಟ್ರು. ಎಡಗಡೇದು ಥಳಥಳ ಹೊಳೀತಿತ್ತು, ಅಕ್ಷರದ ಕೀಲಿಗಳ ಅಡಿಯಿಂದ ಕೆಂಪು ದೀಪ ಬೇರೆ. ಬಲಗಡೇದು ಮಂಕು ಕಪ್ಪು, ದುಬೈಯಿಂದ ಬಂದದ್ದು, ಪ್ರತಿ ಕೀಲಿಯ ಮೇಲೂ ಇಂಗ್ಲಿಷ್ ಪಕ್ಕಕ್ಕೆ ಅರಬ್ಬಿ ಅಕ್ಷರ.

ಎರಡರಲ್ಲೂ ಮೊಳೆ ತೆರೆದ್ಲು.

ನಾನು ಕುರ್ಚಿಯಿಂದ ಎದ್ದೆ, ಹಿಂದೆ ಹೋದೆ, ಮುಂದೆ ಬಂದೆ, ಕತ್ತು ಓರೆ ಮಾಡ್ದೆ. ಅಂಗಡಿಗೆ ಬಂದ ಇನ್ನಿಬ್ಬರು ಗಿರಾಕಿಗಳೂ ನಿಂತು ನೋಡ್ತಿದ್ರು. ಅಷ್ಟು ಜನ ನೋಡೂವಾಗ ನನಗೆ ತಡ ಮಾಡೂಕೆ ಬರೂದಿಲ್ಲ.

“ಎಡಗಡೇದು,” ಅಂದೆ. “ಇದೇ ನನ್ನ ಗೋಡೆ. ಬಿಳಿ ಅಂದ್ರೆ ಬಿಳಿ. ಆ ದುಬೈದ್ರಲ್ಲಿ ಗೋಡೆಗೆ ಕಾಮಾಲೆ ಆಗದೆ.”

ಮೊಮ್ಮಗಳು ನನ್ನ ಮುಖ ನೋಡಿದ್ಲು. “ಅಜ್ಜ, ಎಡಗಡೇದು ನೀಲಿ ಹೊಡೀತದೆ. ನೆರಳಿನ ತುದಿಯೂ ಕಾಣೂದಿಲ್ಲ ಅದ್ರಲ್ಲಿ.”

“ನೀಲಿಯಾ?”

“ಪೂರ್ತಿ ನೀಲಿ. ಹೌದಲ್ದಾ ಸಾಹೇಬ್ರೆ?”

ಸಾಹೇಬರು ಗಡ್ಡ ಸವರ್ಕಂಡು, “ಸ್ವಲ್ಪ ನೀಲಿ ಹೌದು ಪೇಂಟರ್ರೆ,” ಅಂದ್ರು.

ಅವಳು ಮೇಜಿನ ಮೇಲಿಂದ ಬಿಲ್ ಪುಸ್ತಕ ಎತ್ತಿ ನನ್ನ ಮುಂದೆ ಹಿಡಿದ್ಲು. “ಇದು ಎಂತ ಬಣ್ಣ?”

“ಹಳದಿ. ಹಳೇ ಕಾಗದ.”

“ನಿನ್ನೆ ತಂದ ಬಿಳಿ ಕಾಗದ ಪೇಂಟರ್ರೆ,” ಅಂದ್ರು ಸಾಹೇಬರು.

ಆಗ ನನಗೆ ಎಲ್ಲ ಹೊಳೀತು. ಈ ಆಟ ನಾನೇ ಕಂಡುಹಿಡಿದದ್ದು. ಮುರ್ಡೇಶ್ವರದಲ್ಲಿ ಒಂದು ಲಾಡ್ಜಿಗೆ ಬಣ್ಣ ಹೊಡೀವಾಗ, ನಾನೂ ನನ್ನ ಜೊತೆ ಕೆಲಸ ಮಾಡೂ ಇಬ್ಬರೂ ಸೇರಿ ಅಲ್ಲಿನ ಮ್ಯಾನೇಜರಿಗೆ, ಕೆನೆ ಬಣ್ಣದ ಗೋಡೆಯನ್ನ ಗುಲಾಬಿ ಅಂತ ನಂಬಿಸಿದ್ವಿ. ಮೊದಲು ಒಬ್ಬ ಹೇಳಬೇಕು, ಆಮೇಲೆ ಸಂಬಂಧ ಇಲ್ಲದ ಇನ್ನೊಬ್ಬ ಹೌದು ಅನ್ನಬೇಕು, ಮೂರನೆಯವ ಒಂದು ಸಾಕ್ಷಿ ತಂದು ತೋರಿಸಬೇಕು. ಪಾಪ ಆ ಮನುಷ್ಯ ಮಧ್ಯಾಹ್ನದೊಳಗೆ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದ. ಈಗ ಅದೇ ಆಟ ನನ್ನ ಮೇಲೆ. ಒಬ್ಬಳು ಹೇಳಿದ್ಲು, ಒಬ್ಬರು ಹೌದು ಅಂದ್ರು, ಬಿಲ್ ಪುಸ್ತಕ ಸಾಕ್ಷಿ.

ನಕ್ಕೆ. ಹೊಟ್ಟೆ ಹಿಡ್ಕಂಡು ನಕ್ಕೆ. “ಮಗಾ, ಅಜ್ಜನಿಗೇ ಟೋಪಿ ಹಾಕೂಕೆ ನೋಡ್ತೀಯಾ? ಎಡಗಡೇದನ್ನ ಪ್ಯಾಕ್ ಮಾಡಿ ಸಾಹೇಬ್ರೆ.”

ಯಾರೂ ನಗಲಿಲ್ಲ. ಅವಳು ಸಾಹೇಬರ ಹತ್ರ ಮೆಲ್ಲಗೆ ಏನೋ ಹೇಳಿದ್ಲು. ಅವರು ಎರಡನ್ನೂ ಮುಚ್ಚಿ, ಕಪ್ಪು ಲ್ಯಾಪ್‌ಟಾಪನ್ನ ಹಿಂದಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ರು. ಬರಿಗೈಯಲ್ಲಿ ಬಸ್ಸು ಹತ್ತಿದ್ವಿ.

ಶಿರಾಲಿ ಬಂತು. ಕಿಟಕಿ ಕಡೆ ಕೂತವಳು ಕೈ ತೋರಿಸಿದ್ಲು. “ಆ ಎಳನೀರು ಅಂಗಡಿ ಬೋರ್ಡು ನೀ ಬರ್ದದ್ದಲ್ದಾ?”

“ಹೋದ ವರ್ಷ. ತೆಂಗಿನ ಗರಿ ನೋಡು ಹೇಗೆ ಬಂದದೆ, ಗಾಳಿಗೆ ಅಲ್ಲಾಡ್ತದೆ ಅನ್ಬೇಕು.”

“ಎಂತ ಬಣ್ಣದ ಗರಿ?”

“ತೆಂಗಿನ ಗರಿ ಎಂತ ಬಣ್ಣ ಇರ್ತದೆ? ಹಸಿರು.”

“ನೀಲಿ ಅಜ್ಜ. ಸ್ಕೂಲು ಯೂನಿಫಾರ್ಮಿನ ನೀಲಿ.”

ಬಸ್ಸು ಮುಂದೆ ಹೋತು. ನಾನು ಕುತ್ತಿಗೆ ತಿರುಗಿಸಿ ನೋಡ್ತಾನೇ ಇದ್ದೆ. “ಮತ್ತೆ ಯಾರೂ ಹೇಳ್ಲಿಲ್ಲ?” ಅಂತ ಕೇಳ್ದೆ.

“ಹೇಳೂದೆಂತದು. ಪೇಂಟರ್ರ ಹೊಸ ಕೀಟಲೆ ಅಂದ್ಕಂಡ್ರು ಎಲ್ಲರೂ. ಅಪ್ಪನೂ ಹಾಗೇ ಅಂದ. ನಾನೂ ನಕ್ಕಿದ್ದೆ. ಇವತ್ತು ನೀ ಬಿಲ್ ಪುಸ್ತಕ ನೋಡಿ ಹಳದಿ ಅಂದಾಗ್ಲೇ ನಂಗೆ ಗೊತ್ತಾದ್ದು.” ಕಿಟಕಿಯಿಂದ ನನ್ನ ಕಡೆ ತಿರುಗಿ, “ಪೊರೆ ಬಂದದೆ ಅಜ್ಜ ನಿನ್ನ ಕಣ್ಣಿಗೆ,” ಅಂದ್ಲು.

ಗೊತ್ತಿತ್ತು ನಂಗೆ. ಇದನ್ನ ಈಗ ಬರೀವಾಗ ಒಪ್ಕಳ್ತೆ. ಎರಡು ವರ್ಷದ ಹಿಂದೆ ಕನ್ನಡಕದ ಅಂಗಡಿಯವ ಹೇಳಿದ್ದ, ಪೊರೆ ಶುರುವಾಗದೆ, ತೆಗೆಸಿಕೊಳ್ಳಿ ಅಂತ. ಕಣ್ಣಿನ ಹತ್ರ ಚಾಕು ತರೂವಷ್ಟು ಧೈರ್ಯ ನಂಗಿಲ್ಲ. ಮಬ್ಬಾಗ್ತದೆ ಅಂದಿದ್ದ, ಅಷ್ಟೆ. ಬಣ್ಣವನ್ನೂ ಕದೀತದೆ ಅಂತ ಹೇಳಿರ್ಲಿಲ್ಲ. ಮಬ್ಬನ್ನ ಕನ್ನಡಕ ಒರೆಸಿ ಒರೆಸಿ ಸುಧಾರಿಸ್ಕಂಡಿದ್ದೆ. ಜೀವನಪೂರ್ತಿ ಬೇರೆಯವರ ಕಣ್ಣಿಗೆ ಮಣ್ಣೆರಚಿದವನ ಕಣ್ಣಿನೊಳಗೇ ಒಬ್ಬ ಕಳ್ಳ ಕೂತು, ದಿನಾ ಒಂದು ಹನಿ ಹಳದಿ ಬೆರೆಸ್ತಾ ಇದ್ದ. ಊರಿನವರು ಅದನ್ನೂ ನನ್ನ ತಮಾಷೆಯ ಲೆಕ್ಕಕ್ಕೇ ಹಾಕಿ ನಗ್ತಾ ಇದ್ರು.

ಮನೆಗೆ ಬಂದು ಮೊಮ್ಮಗಳು ಷರತ್ತು ಹಾಕಿದ್ಲು. “ನೀ ಹೇಳಿದ್ದು ತಕಂಡ್ರೆ ನಾಲ್ಕು ವರ್ಷ ನಾ ಮಾಡಿದ್ದೆಲ್ಲ ತಪ್ಪು ಬಣ್ಣದಲ್ಲಿ ಬರ್ತದೆ. ನಿನ್ನ ಮಾತು ಮೀರಿ ತಕಂಡ್ರೆ ನಾಲ್ಕು ವರ್ಷವೂ ನೀ ಅದನ್ನೇ ಆಡ್ತೀ. ಕಣ್ಣು ಮಾಡಿಸ್ಕಂಡು ಬಾ, ಆಮೇಲೆ ಇಬ್ಬರೂ ನೋಡಿ ತಕಂಬ.”

“ಕಾಲೇಜು ಶುರುವಾಗ್ತದಲ್ಲ?”

“ಹೌದು. ಲ್ಯಾಪ್‌ಟಾಪ್ ಇಲ್ದೇ ಹೋಗಿ ಕೂತ್ಕಳ್ತೆ. ಎಂತಕ್ಕೆ ಅಂತ ಕೇಳಿದ್ರೆ ನನ್ನ ಅಜ್ಜನಿಗೆ ಹೆದರಿಕೆ ಅಂತ ಹೇಳ್ತೆ.”

ಹೆದರಿಕೆ ಅನ್ನೂ ಶಬ್ದ ಹಾಕಬಾರದಿತ್ತು ಅವಳು. ಮೂರನೇ ದಿನ ಕಣ್ಣಿನ ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದೆ. ಡಾಕ್ಟರು ಅಲ್ಲಾಡಬೇಡಿ ಅಂದ್ರು. ಹೆದರಿ ಕಟ್ಟಿಗೆ ಆದವ ಅಲ್ಲಾಡೂದೆಲ್ಲಿಂದ. ಬಲಗಣ್ಣು ಮೊದಲು, ಎಡಗಣ್ಣು ಆಮೇಲೆ ಅಂತ ಆತು.

ಬಲಗಣ್ಣಿನ ಪಟ್ಟಿ ತೆಗೆದ ದಿನ ಹೆಂಡತಿ ಎದುರಿಗೆ ನಿಂತಿದ್ಲು. “ಹೊಸ ಸೀರೆಯಾ? ಚೊಲೋ ನೀಲಿ,” ಅಂದೆ.

“ಆರು ವರ್ಷದ್ದು,” ಅಂದ್ಲು. “ನೀವು ಹಸಿರು ಹಸಿರು ಅಂತಿದ್ರಿ. ನಾನೂ ತಮಾಷೆಗೆ ಅಂತ ಬಿಟ್ಟಿದ್ದೆ.”

ಅವತ್ತು ನಾನು ಮಾಡಿದ್ದು ಒಂದೇ ಕೆಲಸ. ಜಗಲಿಯಲ್ಲಿ ಕೂತು ಒಂದು ಕಣ್ಣು ಮುಚ್ಚೂದು, ತೆರೆಯೂದು, ಇನ್ನೊಂದು ಮುಚ್ಚೂದು. ಎಡಗಣ್ಣಿನ ಅಂಗಳಕ್ಕೆ ಯಾರೋ ಚಾ ಚೆಲ್ಲಿದ ಹಾಗೆ. ಬಲಗಣ್ಣಿನ ಅಂಗಳ ನಾನು ಮೊದಲು ಬ್ರಶ್ ಹಿಡಿದ ವರ್ಷದ್ದು. ಆಗಿನ ಸಮುದ್ರ, ಆಗಿನ ದೋಣಿಯ ಕೆಂಪು, ಹೊಸ ಬಣ್ಣದ ಡಬ್ಬಿ ತೆರೆದಕೂಡ್ಲೆ ಮೇಲೆ ನಿಂತಿರೂ ಎಣ್ಣೆಯ ಹೊಳಪು, ಎಲ್ಲ ಎಲ್ಲಿಗೂ ಹೋಗಿರ್ಲಿಲ್ಲ. ಸಿಗೂದಿಲ್ಲ ಇನ್ನು ಅಂತ ಒಬ್ಬನೇ ಕೂತು ಎಷ್ಟು ಸಲ ಬೇಜಾರು ಮಾಡ್ಕಂಡಿದ್ದೆ. ಈಗಿನ ಪೇಂಟಲ್ಲಿ ಮೊದಲಿನ ಬಣ್ಣ ಇಲ್ಲ ಅಂತ ಕಂಪ್ನಿಯವರನ್ನೂ ಬೈದಿದ್ದೆ.

ಡಾಕ್ಟರು ಸರಿ ಅಂದ ಮೇಲೆ ಮತ್ತೆ ಬಸ್ಸು. ಕಾಲೇಜಿಗೆ ಇನ್ನು ನಾಲ್ಕು ದಿನ. ಹೊನ್ನಾವರದಲ್ಲಿ ಇಳಿದು ಮೊದಲು ಕಂಬ ನೋಡ್ದೆ, ಅಳತೆ ಸರಿಯಾಗಿ ತಲೆಯಲ್ಲಿ ಕೂರಲಿ ಅಂತ. ನೆರಳು ಪಾರಿವಾಳದ ಬಣ್ಣವೇ. ಮೊಳೆ ಬರ್ದ ಹುಡುಗ ಒಳ್ಳೇ ಕೆಲಸಗಾರ ಆಗಿದ್ದ, ಸುಳ್ಳಲ್ಲ.

ಭಟ್ಕಳದಲ್ಲಿ ಸಾಹೇಬರು ಕಪಾಟಿನ ಬೀಗ ತೆಗೆದು ಎರಡನ್ನೂ ಮೊದಲಿನ ಹಾಗೇ ಇಟ್ರು. ನಾನು ಎಡಗಣ್ಣು ಮುಚ್ಚಿದೆ. ಥಳಥಳದ್ರಲ್ಲಿ ನನ್ನ ಗೋಡೆ ಬಟ್ಟೆಗೆ ನೀಲಿ ಜಾಸ್ತಿಯಾದ ಹಾಗೆ ಕೂತಿತ್ತು. ನೆರಳು ಅರ್ಧಕ್ಕೇ ತುಂಡಾಗಿತ್ತು. ಮಂಕು ಕಪ್ಪಿನಲ್ಲಿ ಹೊನ್ನಾವರದ ಕಂಬವೇ ಬಂದು ನಿಂತಿತ್ತು. ನೆರಳಿನ ಕೊನೇ ತುದಿ, ಅದೆಯೋ ಇಲ್ಲವೋ ಅನ್ನೂ ಆ ತುದಿಯೂ ಇತ್ತು.

ಮೊಮ್ಮಗಳು ಲ್ಯಾಪ್‌ಟಾಪ್ ಬಿಟ್ಟು ನನ್ನನ್ನೇ ನೋಡ್ತಿದ್ಲು.

“ಬಲಗಡೇದು,” ಅಂದೆ. “ಅವತ್ತೇ ಹೇಳಿದ್ದೆ ನಾನು.”

“ಹೌದು ಪೇಂಟರ್ರೆ,” ಅಂದ್ರು ಸಾಹೇಬರು. “ನೀವೇ ಹೇಳಿದ್ರಿ. ನಾವೇ ಕೇಳ್ಲಿಲ್ಲ.”

ಅವಳು ವಾರಂಟಿ ಇಲ್ಲಿಯೂ ನಡೀತದಾ ಅಂತ ಮೊಬೈಲಲ್ಲಿ ನೋಡಿ, ಸಾಹೇಬರ ಸಹಿಯನ್ನೂ ತಕಂಡ್ಲು. ಅರಬ್ಬಿ ಅಕ್ಷರದ ಮೇಲೆ ಕನ್ನಡ ಬರ್ದು ಕೊಡ್ತೆ ಅಂದೆ. “ಬೇಡ, ಚಂದ ಅದೆ ಇದು. ನಿನ್ನ ಅಕ್ಷರಕ್ಕಿಂತ ದುಂಡಗೆ ಅದೆ,” ಅಂದ್ಲು.

ಬರೂವಾಗ ಶಿರಾಲಿಯಲ್ಲಿ ನಾನೊಬ್ಬನೇ ಎದ್ದೆ, ಅವಳೂ ಹಿಂದೆಯೇ ಇಳಿದ್ಲು. ಎಳನೀರು ಅಂಗಡಿಯವನಿಗೆ, “ಬೋರ್ಡು ಸರಿ ಮಾಡಿ ಕೊಡ್ತೆ ಮಾರಾಯ, ಗರಿ ನೀಲಿ ಆಗದೆ,” ಅಂದೆ. ಇದು ಹೇಳೂಕೆ ನನಗೆ ಎಷ್ಟು ಕಷ್ಟ ಆತು ಅಂತ ಅವನಿಗೆ ಗೊತ್ತಿಲ್ಲ.

“ಮುಟ್ಟಬೇಡಿ,” ಅಂದ. “ನೀಲಿ ತೆಂಗಿನ ಅಂಗಡಿ ಅಂತಲೇ ಜನ ಕಾರು ನಿಲ್ಲಿಸೂದು. ಎಲ್ಲಿಂದ ಹೊಳೀತದೆ ನಿಮಗೆ ಇಂಥದ್ದೆಲ್ಲ?”

“ಅದಕ್ಕೆ ಕಣ್ಣು ಬೇಕು,” ಅಂದೆ. ಮೊಮ್ಮಗಳು ಎಳನೀರು ಕುಡಿಯೂವಾಗ ಕೆಮ್ಮಿದ್ಲು.

ಕೊನೆಯ ಮೂರು ದಿನ ಅವಳು ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಹತ್ರ ಹೋದ್ರೆ ಮುಚ್ಚಿಬಿಡ್ತಿದ್ಲು. ಒಮ್ಮೆ ನಮ್ಮ ಜಗಲಿ ಗೋಡೆಯ ಫೋಟೋ ಹೊಡೀತಿದ್ಲು, ಕೇಳಿದ್ದಕ್ಕೆ ನೆನಪಿಗೆ ಅಂದ್ಲು. ಹೊರಡೂ ಹಿಂದಿನ ದಿನ ಪೇಟೆಗೆ ಹೋಗಿ ಏನೋ ಪ್ರಿಂಟು ತೆಗೆಸ್ಕಂಡು ಬಂದ್ಲು. ಕಾಲೇಜಿನ ಕಾಗದ ಇರಬೇಕು ಅಂದ್ಕಂಡೆ. ಬೆಳಿಗ್ಗೆ ಹೋದ್ಲು. ಮನೆ ಭಣಗುಟ್ಟಿತು ಅಂತ ಬರೀಬಹುದು, ಆದ್ರೆ ನನ್ನ ಹೆಂಡತಿ ಇರೂ ಮನೆ ಭಣಗುಟ್ಟೂದಿಲ್ಲ.

ಮಧ್ಯಾಹ್ನ ಮಳೆಯಲ್ಲಿ ಪೇಟೆಯಿಂದ ಬಂದೆ. ಜಗಲಿ ಹತ್ತಿ, ಕೊಡೆ ಮಡಚಿ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸ್ದೆ. ಬಿತ್ತು. ಎತ್ತಿ ಮತ್ತೆ ಸಿಕ್ಕಿಸ್ದೆ. ಮತ್ತೆ ಬಿತ್ತು. ಮೂರನೇ ಸಲ ಬಗ್ಗಿ ಹಿಡಿಕೆ ನೋಡೂವಾಗ ಕೈ ತಡೀತು.

ಬಾಗಿಲ ಪಕ್ಕಕ್ಕೆ ಮೊಳೆ ಇರ್ಲೇ ಇಲ್ಲ ನಮ್ಮನೆಯಲ್ಲಿ, ಯಾವತ್ತೂ.

ಹತ್ರ ಹೋಗಿ, ಎಡಗಣ್ಣು ಮುಚ್ಚಿ ನೋಡ್ದೆ. ಕಾಗದದ ಅಂಚು ನಮ್ಮ ಗೋಡೆಯ ಬಣ್ಣದಲ್ಲಿ ಎಲ್ಲಿ ಮುಗೀತದೆ ಅಂತ ಉಗುರು ಹಾಕದೆ ಗೊತ್ತಾಗ್ಲಿಲ್ಲ. ಬೆಳಕು ನಮ್ಮ ಜಗಲಿಗೆ ಬಲಗಡೆಯಿಂದ ಬರೂದು. ನೆರಳನ್ನ ಎಡಕ್ಕೆ ಇಳಿಸಿದ್ಲು. ತುದಿ ಅದೆಯೋ ಇಲ್ಲವೋ ಅನ್ನೂ ಹಾಗೆ.

ಹೆಂಡತಿ ಬಾಗಿಲಲ್ಲಿ ಗೋಳಿಬಜೆ ತಿಂತಾ ನಿಂತಿದ್ಲು. ಬೆಳಿಗ್ಗೆಯಿಂದ ಕಾದಿರಬೇಕು.

ಸಂಜೆ ಫೋನು ಬಂತು. ತಲುಪ್ದೆ, ರೂಮು ಚೊಲೋ ಅದೆ, ಊಟ ಸಪ್ಪೆ ಅಂತೆಲ್ಲ ಹೇಳಿ ಮುಗಿದ ಮೇಲೆ ಮೆಲ್ಲಗೆ ಕೇಳಿದ್ಲು. “ಅಲ್ಲಿ ಮಳೆಯಾ ಅಜ್ಜ?”

“ಹೌದು.”

“ಕೊಡೆ ಎಲ್ಲಿ ಇಟ್ಟಿ?”

“ಮೂಲೆಯಲ್ಲಿ,” ಅಂದೆ. “ಎಲ್ಲಿ ಇಡ್ತೆ ಮತ್ತೆ?”

“ಎಷ್ಟು ಸಲ ಬಿತ್ತು?” ಅಂತ ಕೇಳಿದ್ಲು.